ಬೇರೆಯವರ ಕಾರಿಗೆ ಕೈ ಹಚ್ಚುವ ಮುನ್ನ: ಹವ್ಯಾಸಿ ಡಿಟೇಲರ್ ವೃತ್ತಿಪರನಾಗುವ ಬಗೆ

ರಜೆಯ ದಿನ ಬೆಳಗಿನಿಂದ ಸಂಜೆಯವರೆಗೆ ತನ್ನ ಒಂದೇ ಕಾರಿನ ಸುತ್ತ ಓಡಾಡಿಕೊಂಡು, ತೊಳೆದು, ಒರೆಸಿ, ಪಾಲಿಶ್ ಮಾಡಿ ಹೊಳಪು ತರುವ ಹವ್ಯಾಸಿಯ ಕೆಲಸ ಎಷ್ಟೋ ಸಲ, ಕಾರನ್ನು ಮೂಲೆಮೂಲೆಯೂ ಬಿಡದೆ ಶುಚಿಗೊಳಿಸಿ ಹೊಳಪು ತರುವ ಡಿಟೇಲಿಂಗ್ ಅಂಗಡಿಯ ಕೆಲಸಕ್ಕಿಂತ ಚೆನ್ನಾಗಿರುತ್ತದೆ. ಅವನಿಗೆ ಸಮಯದ ಒತ್ತಡವಿಲ್ಲ, ಒಂದೇ ಬಾಗಿಲಿಗೆ ಅರ್ಧ ದಿನ ಕೊಟ್ಟರೂ ಕೇಳುವವರಿಲ್ಲ, ಮನಸ್ಸಿಗೆ ಒಪ್ಪದಿದ್ದರೆ ಮುಂದಿನ ವಾರ ಮತ್ತೆ ಕೂರಬಹುದು. ಆದ್ದರಿಂದ ಹೊಳಪನ್ನೇ ಅಳತೆಗೋಲಾಗಿ ಹಿಡಿದು ಹವ್ಯಾಸಿ ಯಾರು, ವೃತ್ತಿಪರ ಯಾರು ಎಂದು ವಿಂಗಡಿಸಲು ಹೊರಟರೆ ದಾರಿ ತಪ್ಪುತ್ತದೆ. ಯಂತ್ರದ ಬೆಲೆಯಾಗಲಿ, ಕಪಾಟಿನಲ್ಲಿರುವ ಬಾಟಲಿಗಳ ಸಂಖ್ಯೆಯಾಗಲಿ, ಕೆಲಸಕ್ಕೆ ಹಣ ಪಡೆಯುತ್ತಾನೆಂಬ ಸಂಗತಿಯಾಗಲಿ ಆ ವಿಂಗಡಣೆಗೆ ಸಾಲದು.

ಕಾರಿನ ಬಣ್ಣದಲ್ಲಿ ಒಮ್ಮೆ ಸವೆದದ್ದು ಮರಳಿ ಬರುವುದಿಲ್ಲ. ಸವೆಸುವ ಮೊದಲು ಅಲ್ಲಿ ಎಷ್ಟಿದೆ ಎಂದು ತಿಳಿದುಕೊಳ್ಳುವವನು, ಸವೆಸಿದ ಮೇಲೆ ಎಷ್ಟು ಹೋಯಿತು ಎಂದು ಮಾಲೀಕರಿಗೆ ಹೇಳಬಲ್ಲವನು, ಇಷ್ಟು ಸಾಕು ಎನ್ನಿಸಿದ ಜಾಗದಲ್ಲಿ ಯಂತ್ರವನ್ನು ಕೆಳಗಿಡಬಲ್ಲವನು ವೃತ್ತಿಪರ ಎಂಬುದು ನನ್ನ ಅಭಿಪ್ರಾಯ. ಹವ್ಯಾಸದಲ್ಲಿ ಕೈ ಪಳಗಿಸಿಕೊಂಡು, ಈಗ ಪರಿಚಯವೇ ಇಲ್ಲದವರ ಕಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೆಂದಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತುಗಳನ್ನು ಬರೆದಿದ್ದೇನೆ.

ಬಣ್ಣವನ್ನು ಅಳೆಯುವುದರಿಂದ ಆರಂಭಿಸಿ

ಕಾರ್ಖಾನೆಯಿಂದ ಬಂದ ಕಾರಿನ ಲೋಹದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಇವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ದಪ್ಪ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್. ತಲೆಗೂದಲಿನ ಒಂದು ಎಳೆ ಸುಮಾರು 70 ಮೈಕ್ರಾನ್ ಇರುತ್ತದೆ ಎಂದು ನೆನೆದರೆ, ಪಾಲಿಶ್ ಮಾಡುವವನು ಕೂದಲಿಗಿಂತಲೂ ತೆಳುವಾದ ಒಂದು ಪೊರೆಯ ಮೇಲೆ ಕೆಲಸ ಮಾಡುತ್ತಿದ್ದಾನೆಂಬುದು ಅರ್ಥವಾದೀತು. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದು ಕೆಳಗಿನ ಬಣ್ಣವನ್ನು ಕಾಯುವುದೂ ಈ ಪೊರೆಯೇ. ಕಾಂಪೌಂಡ್ ಎಂಬ ಒರಟು ಪಾಲಿಶ್ ಹಾಕಿ ಗಟ್ಟಿಯಾಗಿ ಉಜ್ಜುವ ಒಂದು ಸುತ್ತಿನ ಕೆಲಸಕ್ಕೆ ಕೆಲವು ಮೈಕ್ರಾನ್ ಹೋಗುತ್ತದೆ. ಒಂದು ಸಲಕ್ಕೆ ಅದು ದೊಡ್ಡದಲ್ಲ. ಆದರೆ ಪ್ರತಿವರ್ಷವೂ ಯಾರಾದರೊಬ್ಬರು ಹಾಗೆ ಉಜ್ಜುತ್ತ ಬಂದರೆ ಕ್ಲಿಯರ್ ಕೋಟ್ ತಾಳಿಕೊಳ್ಳದೆ ಮಬ್ಬಾಗಿ, ಮುಂದೆ ಹೊಟ್ಟಿನಂತೆ ಏಳತೊಡಗುತ್ತದೆ. ಆಮೇಲೆ ಉಳಿಯುವ ದಾರಿ ಹೊಸದಾಗಿ ಬಣ್ಣ ಹೊಡೆಸುವುದೊಂದೇ.

ಹವ್ಯಾಸಿಗೆ ತನ್ನ ಕಾರಿನ ಚರಿತ್ರೆ ಗೊತ್ತು. ಅದು ಎಲ್ಲಿ ತಾಗಿತ್ತು, ಯಾವ ಬಾಗಿಲಿಗೆ ಮತ್ತೆ ಬಣ್ಣ ಬಿದ್ದಿದೆ, ಹಿಂದೆ ಎಷ್ಟು ಸಲ ಪಾಲಿಶ್ ಆಗಿದೆ ಎಂಬುದಕ್ಕೆ ಅವನು ಯಾರನ್ನೂ ಕೇಳಬೇಕಾಗಿಲ್ಲ. ವೃತ್ತಿಪರನ ಮುಂದೆ ನಿಲ್ಲುವ ಕಾರಿಗೆ ಅಂಥ ಚರಿತ್ರೆ ಇರುವುದಿಲ್ಲ. ಅದನ್ನು ಎರಡನೆಯ, ಮೂರನೆಯ ಕೈಯಾಗಿ ಕೊಂಡ ಮಾಲೀಕರಿಗೂ ಅದು ಗೊತ್ತಿರುವುದಿಲ್ಲ. ಆದ್ದರಿಂದ ಬಣ್ಣದ ದಪ್ಪ ಅಳೆಯುವ ಗೇಜ್ ಎಂಬ ಪುಟ್ಟ ಉಪಕರಣವನ್ನು ಪಾಲಿಶಿಂಗ್ ಯಂತ್ರಕ್ಕಿಂತ ಮೊದಲೇ ಕೊಳ್ಳಬೇಕೆಂದು ಹೇಳುತ್ತೇನೆ. ಉಕ್ಕಿನ ಮೇಲೂ ಅಲ್ಯೂಮಿನಿಯಂ ಮೇಲೂ ಅಳೆಯಬಲ್ಲದ್ದನ್ನೇ ಆರಿಸಿಕೊಳ್ಳಿ. ಪ್ಲಾಸ್ಟಿಕ್ ಬಂಪರಿನ ಮೇಲೆ ಸಾಮಾನ್ಯ ಗೇಜ್ ನಡೆಯುವುದಿಲ್ಲ, ಅದಕ್ಕೆ ಶ್ರವಣಾತೀತ ಧ್ವನಿಯಿಂದ ಅಳೆಯುವ ಬೇರೆ ಬಗೆಯದೇ ಬೇಕು. ಅದಿಲ್ಲದಿದ್ದರೆ ಬಂಪರಿನ ಮೇಲೆ ಕೈ ಹಗುರವಾಗಿರಲಿ, ಏಕೆಂದರೆ ಪ್ಲಾಸ್ಟಿಕ್ ಲೋಹದಂತೆ ಬಿಸಿಯನ್ನು ಹರಡಿ ಹಂಚುವುದಿಲ್ಲ, ಒಂದೇ ಕಡೆ ಕಾದು ಬಣ್ಣ ಬೇಗ ಸುಡುತ್ತದೆ.

ಅಳೆಯುವುದಕ್ಕೂ ಒಂದು ಕ್ರಮವಿದೆ. ಉಪಕರಣದ ಜೊತೆ ಬರುವ ಬರಿ ಲೋಹದ ತುಂಡು ಮತ್ತು ಗೊತ್ತಾದ ದಪ್ಪದ ಹಾಳೆಯ ಮೇಲೆ ಮೊದಲು ಅದನ್ನು ಸರಿಹೊಂದಿಸಬೇಕು. ಬಳಿಕ ಬಾನೆಟ್, ಛಾವಣಿ, ಪ್ರತಿಯೊಂದು ಬಾಗಿಲು, ಡಿಕ್ಕಿಯ ಮುಚ್ಚಳ, ಹೀಗೆ ಒಂದೊಂದರಲ್ಲೂ ಐದಾರು ಕಡೆ ಅಳೆದು ಬರೆದುಕೊಳ್ಳಬೇಕು. ಎಲ್ಲ ಕಡೆ 110, 120 ಎಂದು ತೋರಿಸುತ್ತಿದ್ದ ಅಂಕಿ ಒಂದು ಬಾಗಿಲಿನಲ್ಲಿ ಮಾತ್ರ 250ಕ್ಕೆ ಏರಿದರೆ ಆ ಬಾಗಿಲಿಗೆ ಮತ್ತೆ ಬಣ್ಣ ಬಿದ್ದಿದೆ ಎಂದು ತಿಳಿಯಬೇಕು. ಅದು ಸಾವಿರದ ಹತ್ತಿರ ಹೋದರೆ ಕೆಳಗೆ ಪುಟ್ಟಿ ಇರುವ ಸಾಧ್ಯತೆ ಹೆಚ್ಚು. ಹೆಚ್ಚು ದಪ್ಪವಿದ್ದ ಮಾತ್ರಕ್ಕೆ ಧೈರ್ಯವಾಗಿ ಉಜ್ಜಬಹುದೆಂದು ಭಾವಿಸಬಾರದು. ಸಾಮಾನ್ಯ ಗೇಜ್ ಹೇಳುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನು, ಅದರಲ್ಲಿ ಕ್ಲಿಯರ್ ಕೋಟ್ ಎಷ್ಟು ಎಂಬುದನ್ನಲ್ಲ. ಮರುಬಣ್ಣದ ಕ್ಲಿಯರ್ ಕೋಟ್ ಕಾರ್ಖಾನೆಯದಕ್ಕಿಂತ ಮೆದುವಾಗಿರುವುದೂ ಉಂಟು. ಹಾಗಾದರೆ ಗೇಜಿನಿಂದ ಏನು ಪ್ರಯೋಜನ ಎಂದರೆ, ಕೆಲಸಕ್ಕೆ ಮುಂಚಿನ ಅಂಕಿಯಿಂದ ಕೆಲಸದ ನಂತರದ ಅಂಕಿಯನ್ನು ಕಳೆದಾಗ ಎಷ್ಟು ಸವೆಸಿದೆವೆಂಬ ಅಂದಾಜು ಸಿಗುತ್ತದೆ, ಅಕ್ಕಪಕ್ಕಕ್ಕಿಂತ ಅಂಕಿ ತೀರ ಕಡಿಮೆಯಿರುವ ಜಾಗ ಮೊದಲೇ ಕಣ್ಣಿಗೆ ಬೀಳುತ್ತದೆ.

ಗೇಜ್ ತಲುಪದ ಜಾಗ ಅಂಚು. ಬಾನೆಟ್ಟಿನ ಏಣು, ಬಾಗಿಲಿನ ತುದಿ, ಚಕ್ರದ ಮೇಲಿನ ಕಮಾನಿನ ಬಾಗು, ಇಂಥ ಕಡೆ ಯಂತ್ರದ ತುದಿಗೆ ಹಾಕಿದ ಪ್ಯಾಡಿನ ಒತ್ತಡವೆಲ್ಲ ಒಂದು ಗೆರೆಯ ಮೇಲೆ ಬೀಳುತ್ತದೆ. ಹವ್ಯಾಸದ ದಿನಗಳಲ್ಲಿ ನನ್ನದೇ ಕಾರಿನ ಬಾಗಿಲಿನ ಅಂಚಿನಲ್ಲಿ ಕ್ಲಿಯರ್ ಕೋಟ್ ದಾಟಿ ಬಣ್ಣಕ್ಕೇ ಇಳಿದಿದ್ದೆ. ಬಿಳಿಯ ಪ್ಯಾಡಿನ ಮೇಲೆ ಕಾರಿನ ಬಣ್ಣ ಹತ್ತಿದ್ದನ್ನು ಕಂಡಾಗ ಹೊಟ್ಟೆಯಲ್ಲಿ ಆದ ತಳಮಳ ಈಗಲೂ ನೆನಪಿದೆ. ಕಾರು ನನ್ನದಾದ್ದರಿಂದ ಉತ್ತರ ಕೊಡಬೇಕಾಗಿದ್ದುದು ನನಗೆ ನಾನೇ. ಅಂದಿನಿಂದ ಅಂಚುಗಳಿಗೂ ರಬ್ಬರು, ಪ್ಲಾಸ್ಟಿಕ್ ಪಟ್ಟಿಗಳಿಗೂ ಪೇಪರ್ ಟೇಪ್ ಅಂಟಿಸಿದ ಮೇಲೆಯೇ ಯಂತ್ರ ಕೈಗೆತ್ತಿಕೊಳ್ಳುತ್ತೇನೆ. ಅಂಚಿನ ಪಾಲಿಶ್ ಕೊನೆಗೆ, ಕೈಯಿಂದ.

ತೊಳೆಯುವ ಹಂತದಲ್ಲೇ ಅರ್ಧ ಕೆಲಸ

ಬಿಸಿಲಿನಲ್ಲಿ ಜೇಡರ ಬಲೆಯಂತೆ ಕಾಣುವ ಸಣ್ಣ ಗೀರುಗಳನ್ನು ಡಿಟೇಲರುಗಳು ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ಅವುಗಳಲ್ಲಿ ಬಹುಪಾಲು ರಸ್ತೆಯಲ್ಲಿ ಆದವಲ್ಲ, ತೊಳೆಯುವಾಗಲೂ ಒರೆಸುವಾಗಲೂ ಆದವು. ಹವ್ಯಾಸಿ ತೊಳೆಯುವುದು ಹೋದ ವಾರ ತಾನೇ ತೊಳೆದ ಕಾರನ್ನು. ವೃತ್ತಿಪರನಿಗೆ ಬರುವುದು ಆರು ತಿಂಗಳ ಕೆಸರು, ಡಾಂಬರು, ಹಕ್ಕಿಯ ಹಿಕ್ಕೆ ಎಲ್ಲ ಮೆತ್ತಿಕೊಂಡ ಕಾರು. ಇಬ್ಬರೂ ಒಂದೇ ರೀತಿ ತೊಳೆದರೆ ಎರಡನೆಯ ಕಾರು ಪೂರ್ತಿ ಗೀರುಮಯವಾಗುತ್ತದೆ.

ಆದ್ದರಿಂದ ಬಟ್ಟೆ ತಾಗಿಸುವ ಮೊದಲು ಎಷ್ಟು ಕೊಳೆಯನ್ನು ನೀರಿನಿಂದಲೂ ಫೋಮಿನಿಂದಲೂ ಇಳಿಸಬಹುದೋ ಅಷ್ಟನ್ನೂ ಇಳಿಸಬೇಕು. ಫೋಮನ್ನು ಹಾಕಿ ಕೆಲವು ನಿಮಿಷ ಬಿಟ್ಟು, ಅದು ಒಣಗುವ ಮುಂಚೆ ತೊಳೆಯಬೇಕು. ಬಳಿಕ ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿ ನೀರು ಇಟ್ಟುಕೊಂಡು, ಕೈಗವಸಿನಂಥ ಮಿಟ್ಟನ್ನು ಪ್ರತಿ ಭಾಗ ಮುಗಿದಾಗಲೂ ಬರಿ ನೀರಿನಲ್ಲಿ ಜಾಲಿಸಿ ಮತ್ತೆ ಶಾಂಪೂಗೆ ಅದ್ದಬೇಕು. ಛಾವಣಿಯಿಂದ ಕೆಳಕ್ಕೆ ಬರಬೇಕು. ಬಾಗಿಲುಗಳ ಕೆಳಭಾಗಕ್ಕೆ ಬೇರೆ ಮಿಟ್, ಚಕ್ರಗಳಿಗೆ ಬೇರೆಯೇ ಬಕೆಟ್. ಒಣಗಿಸುವಾಗ ಎಳೆದು ಉಜ್ಜದೆ ದಪ್ಪ ಮೈಕ್ರೊಫೈಬರ್ ಬಟ್ಟೆಯನ್ನು ಹಾಸಿ ನೀರನ್ನು ಹೀರಿಸಬೇಕು. ಇದೆಲ್ಲ ಒಳ್ಳೆಯ ಹವ್ಯಾಸಿಗೂ ಗೊತ್ತಿರುವುದೇ. ದಿನದ ಮೂರನೆಯ ಕಾರಿಗೆ, ಬೆನ್ನು ನೋಯುತ್ತಿರುವಾಗಲೂ, ಇದರಲ್ಲಿ ಒಂದನ್ನೂ ಬಿಡದೆ ಮಾಡುವುದು ಮಾತ್ರ ಅಭ್ಯಾಸದಿಂದ ಬರಬೇಕು. ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿ ಮತ್ತೆ ಬಳಸುವವನ ಕೈಗೆ ನಾನು ನನ್ನ ಕಾರನ್ನು ಕೊಡಲಾರೆ. ಬಣ್ಣಕ್ಕೆ, ಗಾಜಿಗೆ, ಒಳಾಂಗಣಕ್ಕೆ, ಚಕ್ರಕ್ಕೆ ಬಟ್ಟೆಗಳನ್ನು ಬಣ್ಣದಿಂದಲೇ ಗುರುತಿಸಿ ಬೇರೆಬೇರೆ ಇಟ್ಟು, ಹತ್ತಿ ಬಟ್ಟೆಗಳ ಜೊತೆ ಸೇರಿಸದೆ, ಬಟ್ಟೆ ಮೆದುಗೊಳಿಸುವ ದ್ರವ ಹಾಕದೆ ಒಗೆಯುವುದೂ ಈ ಅಭ್ಯಾಸದ್ದೇ ಭಾಗ.

ತೊಳೆದ ಮೇಲೂ ಬಣ್ಣಕ್ಕೆ ಕಚ್ಚಿಕೊಂಡೇ ಇರುವ ಕೊಳೆ ಇನ್ನೊಂದಿದೆ. ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಸವರಿದರೆ ಅದು ಮರಳಿನಂತೆ ತಾಗುತ್ತದೆ. ಬ್ರೇಕಿನಿಂದ ಹಾರಿ ಕೂತ ಕಬ್ಬಿಣದ ಕಣಗಳನ್ನು ಅವುಗಳೊಡನೆ ಸೇರಿ ನೇರಳೆ ಬಣ್ಣಕ್ಕೆ ತಿರುಗುವ ದ್ರವದಿಂದಲೂ, ಡಾಂಬರನ್ನು ಅದರದೇ ದ್ರಾವಕದಿಂದಲೂ, ಉಳಿದದ್ದನ್ನು ಜೇಡಿಮಣ್ಣಿನ ಮುದ್ದೆಯಂಥ ಕ್ಲೇ ಬಾರ್‌ನಿಂದಲೂ ತೆಗೆಯುತ್ತಾರೆ. ಕ್ಲೇ ಎಷ್ಟೇ ಜಾರುದ್ರವ ಹಾಕಿದರೂ ತುಸು ಗೀರುವುದರಿಂದ, ಆಮೇಲೆ ಪಾಲಿಶ್ ಮಾಡುವ ಉದ್ದೇಶವಿಲ್ಲದ ಕಾರಿಗೆ ಅದನ್ನು ಬಳಸುವ ಮೊದಲು ಎರಡು ಸಲ ಯೋಚಿಸಬೇಕು.

ಒಂದು ಚೌಕದಲ್ಲಿ ಪರೀಕ್ಷೆ

ಪಾಲಿಶ್ ವಿಷಯದಲ್ಲಿ ಹವ್ಯಾಸಿಗಳ ನಡುವೆ ನಡೆಯುವ ಚರ್ಚೆಯೆಲ್ಲ ಯಾವ ಯಂತ್ರ, ಯಾವ ಕಾಂಪೌಂಡ್ ಎಂಬುದರ ಸುತ್ತಲೇ ಇರುತ್ತದೆ. ಒಂದೇ ಅಕ್ಷದ ಮೇಲೆ ತಿರುಗುವ ರೋಟರಿ ಬೇಗ ಸವೆಸುತ್ತದೆ, ಬೇಗ ಕಾಯುತ್ತದೆ, ತಿಳಿಯದವನ ಕೈಯಲ್ಲಿ ಬಣ್ಣ ಸುಡುತ್ತದೆ. ತಿರುಗುತ್ತಲೇ ಓಲಾಡುವ ಡ್ಯುಯಲ್ ಆ್ಯಕ್ಷನ್ ಯಂತ್ರ ಅದಕ್ಕಿಂತ ಸುರಕ್ಷಿತ, ಕಲಿಯುವವರು ಅದರಿಂದಲೇ ಆರಂಭಿಸುವುದು ಮೇಲು. ಯಂತ್ರದ ಬಗ್ಗೆ ಹೇಳಬೇಕಾದದ್ದು ಇಷ್ಟೇ. ಯಾವ ಕಾರಿಗೆ ಯಾವ ಪ್ಯಾಡ್, ಯಾವ ಕಾಂಪೌಂಡ್ ಎಂಬ ಪ್ರಶ್ನೆಗೆ ಉತ್ತರ ಬಾಟಲಿಯ ಮೇಲೆ ಬರೆದಿರುವುದಿಲ್ಲ, ಆ ಕಾರಿನ ಬಾನೆಟ್ಟಿನ ಮೇಲೆಯೇ ಸಿಗುತ್ತದೆ. ಕೆಲವು ಕಾರುಗಳ ಕ್ಲಿಯರ್ ಕೋಟ್ ಎಷ್ಟು ಮೆದುವೆಂದರೆ ಒರೆಸಿದರೂ ಗೀರು ಬೀಳುತ್ತದೆ. ಇನ್ನು ಕೆಲವದು ಎಷ್ಟು ಗಟ್ಟಿಯೆಂದರೆ ಮೆದು ಪ್ಯಾಡಿಗೆ ಜಗ್ಗುವುದೇ ಇಲ್ಲ.

ಸುಮಾರು 50 ಸೆಂಟಿಮೀಟರ್ ಉದ್ದಗಲದ ಒಂದು ಚೌಕವನ್ನು ಟೇಪಿನಿಂದ ಗುರುತಿಸಿಕೊಳ್ಳಿ. ಎಲ್ಲಕ್ಕಿಂತ ಮೆದುವಾದ ಫೋಮ್ ಪ್ಯಾಡ್, ಎಲ್ಲಕ್ಕಿಂತ ನಯವಾದ ಪಾಲಿಶ್ ಇವುಗಳಿಂದ ಮೊದಲ ಪ್ರಯತ್ನವಾಗಲಿ. ಯಂತ್ರವನ್ನು ನಿಧಾನವಾಗಿ, ಹಿಂದಿನ ಸಾಲಿನ ಅರ್ಧದ ಮೇಲೆ ಬರುವಂತೆ, ಮೊದಲು ಅಡ್ಡಲಾಗಿ ಆಮೇಲೆ ಉದ್ದವಾಗಿ ನಡೆಸಿ. ಬಳಿಕ ಪಾಲಿಶಿನ ಎಣ್ಣೆಯನ್ನು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ತೆಗೆದು, ಬೆಳಕನ್ನು ನಾಲ್ಕಾರು ಕೋನಗಳಿಂದ ಹಿಡಿದು ನೋಡಿ. ಈ ಒರೆಸುವಿಕೆಯನ್ನು ಬಿಟ್ಟರೆ ಪರೀಕ್ಷೆಗೆ ಅರ್ಥವೇ ಇಲ್ಲ, ಏಕೆಂದರೆ ಎಣ್ಣೆ ಗೀರುಗಳೊಳಗೆ ತುಂಬಿಕೊಂಡು ಅವು ಹೋದವೆಂಬ ಭ್ರಮೆ ಹುಟ್ಟಿಸುತ್ತದೆ. ಎರಡು ಸಲ ತೊಳೆದ ಮೇಲೆ ಎಲ್ಲ ಮರಳಿ ಬರುತ್ತವೆ. ಹಾಗೆ ತುಂಬಿಸುವುದಕ್ಕೆಂದೇ ಮಾಡಿದ ಗ್ಲೇಜ್‌ಗಳಿವೆ. ಮಾಲೀಕರಿಗೆ ಹೇಳಿ ಬಳಸಿದರೆ ಅವುಗಳಿಗೂ ಒಂದು ಸ್ಥಾನವಿದೆ, ಹೇಳದೆ ಬಳಸಿದರೆ ಅದು ಮೋಸ. ಮೆದು ಜೋಡಿ ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಗಟ್ಟಿಯದಕ್ಕೆ ಹೋಗಿ. ಸಾಕಾಗುವ ಜೋಡಿ ಸಿಕ್ಕಿದ ಮೇಲೆ ಅದನ್ನೇ ಇಡೀ ಕಾರಿಗೆ ಅನ್ವಯಿಸಬಹುದು. ಆದರೆ ಮರುಬಣ್ಣದ ಭಾಗಕ್ಕೆ ಪರೀಕ್ಷೆ ಬೇರೆಯೇ ಆಗಬೇಕು.

ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಉಗುರನ್ನು ಅಡ್ಡವಾಗಿ ಎಳೆದಾಗ ಗೀರಿನಲ್ಲಿ ಉಗುರು ಸಿಕ್ಕಿಕೊಂಡರೆ ಅದನ್ನು ಪಾಲಿಶಿನಿಂದ ಪೂರ್ತಿ ಅಳಿಸಲು ಹೋಗಬಾರದು. ಅದರ ತುದಿಗಳನ್ನು ಮೆತ್ತಗೆ ಮಾಡಿ ಕಣ್ಣಿಗೆ ಕಡಿಮೆ ಕಾಣುವಂತೆ ಮಾಡುವುದಷ್ಟೇ ಕೈಲಾದ ಕೆಲಸ. ಹವ್ಯಾಸಿಗೆ ಆ ಒಂದು ಗೀರು ನಿದ್ದೆ ಕೆಡಿಸುತ್ತದೆ. ನೂರಕ್ಕೆ ನೂರು ಸ್ವಚ್ಛವಾಗಬೇಕೆಂಬ ಛಲದಿಂದ ಅವನು ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತಾನೆ. ಪ್ರದರ್ಶನಕ್ಕೆ ಮಾತ್ರ ಹೊರಬರುವ ಕಾರಾದರೆ ಆ ಛಲಕ್ಕೆ ಅರ್ಥವಿದೆ. ದಿನವೂ ರಸ್ತೆಗಿಳಿಯುವ, ಇನ್ನೂ ಹತ್ತು ವರ್ಷ ಓಡಬೇಕಾದ ಕಾರಿಗೆ ಹತ್ತರಲ್ಲಿ ಎಂಟು ಗೀರು ತೆಗೆದು ಎರಡನ್ನು ಉಳಿಸುವುದೇ ಸರಿಯಾದ ಕೆಲಸ. ಕೊನೆಯ ಎರಡನ್ನು ತೆಗೆಯಲು ಹೋಗುವ ಕ್ಲಿಯರ್ ಕೋಟ್ ಮೊದಲ ಎಂಟಕ್ಕೆ ಹೋದದ್ದಕ್ಕಿಂತ ಹೆಚ್ಚಾಗಬಹುದು.

ರಾಸಾಯನಿಕಗಳು ಮತ್ತು ಒಳಾಂಗಣ

ಚಕ್ರ ತೊಳೆಯುವ ಆಮ್ಲವನ್ನು ಪಾಲಿಶ್ ಮಾಡಿದ ಬರಿ ಅಲ್ಯೂಮಿನಿಯಂ ಮೇಲೆ ಹಾಕಿದರೆ ಕ್ಷಣಗಳಲ್ಲಿ ಬಿಳಿಚಿಕೊಳ್ಳುತ್ತದೆ, ಕಡು ಕ್ಷಾರವೂ ಅದೇ ಗತಿ ಕಾಣಿಸುತ್ತದೆ. ಹೈಡ್ರೊಫ್ಲೋರಿಕ್ ಆಮ್ಲವಿರುವ ಚಕ್ರದ ಕ್ಲೀನರುಗಳಂತೂ ಗಾಜನ್ನು ಕೊರೆಯುವುದಲ್ಲದೆ ಚರ್ಮದೊಳಗೆ ಇಳಿದು ಮೈಯಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿಕೊಂಡು ಪ್ರಾಣಕ್ಕೇ ಸಂಚಕಾರ ತರಬಲ್ಲವು. ಕೆಲಸ ಬೇಗ ಆಗುತ್ತದೆಂದು ಅವನ್ನು ಅಂಗಡಿಯಲ್ಲಿ ಇಡುವವರನ್ನು ನಾನು ವೃತ್ತಿಪರರೆನ್ನುವುದಿಲ್ಲ. ಪ್ರತಿ ದ್ರವಕ್ಕೂ ತಯಾರಕರು ಕೊಡುವ ಸುರಕ್ಷತಾ ವಿವರದ ಹಾಳೆಯನ್ನು ಓದಿ ಕೈಗೆಟುಕುವಲ್ಲಿಡಬೇಕು. ಬೇರೆ ಬಾಟಲಿಗೆ ಸುರಿದಾಗ ಹೆಸರನ್ನೂ ಎಷ್ಟು ನೀರು ಬೆರೆಸಿದೆ ಎಂಬುದನ್ನೂ ಅದರ ಮೇಲೆ ಬರೆಯಬೇಕು. ನೈಟ್ರೈಲ್ ಕೈಗವಸು, ಕನ್ನಡಕ, ದ್ರಾವಕದ ಹಬೆ ತಡೆಯುವ ಮುಖಕವಚ ಇವು ದಿನವೂ ಕೆಲಸ ಮಾಡುವವನಿಗೆ ಊಟದಷ್ಟೇ ಅಗತ್ಯ. ಬಣ್ಣದ ಮೇಲೆ ಗಟ್ಟಿಯಾಗಿ ನಿಲ್ಲುವ ಕೋಟಿಂಗ್ ಎಂಬ ರಕ್ಷಣಾ ದ್ರವವನ್ನು ವರ್ಷಕ್ಕೆರಡು ಸಲ ಹಚ್ಚುವ ಹವ್ಯಾಸಿ ಉಸಿರಾಡುವ ಹಬೆಗೂ ವಾರಕ್ಕೆ ಮೂರು ಸಲ ಹಚ್ಚುವವನು ಉಸಿರಾಡುವುದಕ್ಕೂ ಹೋಲಿಕೆಯಿಲ್ಲ.

ಒಳಾಂಗಣದಲ್ಲಿ ತಪ್ಪುಗಳು ತಡವಾಗಿ ಹೊರಬೀಳುತ್ತವೆ. ಬಟ್ಟೆಯ ಸೀಟಿಗೆ ಹೆಚ್ಚು ನೀರು ಹಾಕಿದರೆ ಅದು ಒಳಗಿನ ಸ್ಪಂಜಿಗೆ ಇಳಿದು, ಒಣಗುವಾಗ ಕಲೆಯನ್ನು ಮತ್ತೆ ಮೇಲಕ್ಕೆ ಎಳೆದು ತರುತ್ತದೆ, ವಾರದ ನಂತರ ಮುಗ್ಗಲು ವಾಸನೆ ಹೊಡೆಯುತ್ತದೆ. ಈಗಿನ ಕಾರುಗಳ ಚರ್ಮದ ಸೀಟುಗಳಲ್ಲಿ ಬಹುಪಾಲಿಗೆ ಮೇಲೊಂದು ಬಣ್ಣದ ಲೇಪ, ಅದರ ಮೇಲೊಂದು ರಕ್ಷಣಾ ಲೇಪ ಇರುವುದರಿಂದ ಎಣ್ಣೆ ಹಚ್ಚಿ ತಿಕ್ಕುವುದರಿಂದ ಏನೂ ಒಳಗೆ ಹೋಗುವುದಿಲ್ಲ; ಮೆದು ಬ್ರಷ್ಷಿನಿಂದ ಕೊಳೆ ತೆಗೆದು ಒರೆಸುವುದೇ ಮುಖ್ಯ. ಸೀಟ್ ಬೆಲ್ಟಿನ ಮೇಲೆ ಬ್ಲೀಚಾಗಲಿ ಕಡು ದ್ರಾವಕವಾಗಲಿ ಬೀಳಬಾರದು, ಏಕೆಂದರೆ ನೂಲು ಸೋತರೆ ಕಣ್ಣಿಗೆ ಕಾಣುವುದಿಲ್ಲ. ಸೀಟಿನ ಕೆಳಗೆ ಕಾಣುವ ಹಳದಿ ವೈರಿನ ಜೋಡಣೆಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸಂಬಂಧಿಸಿದವು, ಅವನ್ನು ಬಿಚ್ಚಬಾರದು, ಅಲ್ಲಿ ನೀರು ಸಿಂಪಡಿಸಲೂಬಾರದು.

ಕೋಟಿಂಗ್ ಮಾರುವಾಗ ಆಡುವ ಮಾತು

ಸೆರಾಮಿಕ್ ಕೋಟಿಂಗ್ ಹಚ್ಚಲು ಬಲ್ಲವರು ಬಹಳ. ಬಣ್ಣವನ್ನು ಪೂರ್ತಿ ಎಣ್ಣೆರಹಿತ ಮಾಡಿ, ಸಣ್ಣ ಸಣ್ಣ ಭಾಗಕ್ಕೆ ಹಚ್ಚಿ, ಅದು ಆರತೊಡಗುವ ಹೊತ್ತನ್ನು ಅಂದಿನ ಬಿಸಿಲು, ತೇವಕ್ಕೆ ತಕ್ಕಂತೆ ಗಮನಿಸಿ ಒರೆಸಬೇಕು. ಒರೆಸದೆ ಉಳಿದ ಕಡೆ ಗಟ್ಟಿಯಾದ ಕಲೆ ನಿಂತರೆ ಪಾಲಿಶ್ ಮಾಡಿಯೇ ತೆಗೆಯಬೇಕಾಗುತ್ತದೆ. ಕಷ್ಟವಿರುವುದು ಅದನ್ನು ಮಾರುವಾಗ ನಿಜ ಹೇಳುವುದರಲ್ಲಿ. ಡಬ್ಬಿಯ ಮೇಲಿನ 9ಎಚ್ ಎಂಬುದು ಪೆನ್ಸಿಲ್ಲುಗಳ ಗಡಸುತನದಿಂದ ಲೇಪಗಳನ್ನು ಪರೀಕ್ಷಿಸುವ ಅಳತೆ. ಖನಿಜಗಳ ಗಡಸುತನವನ್ನು ಅಳೆಯುವ, ವಜ್ರಕ್ಕೆ 10 ಕೊಡುವ ಮೋಸ್ ಮಾಪಕಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ವಜ್ರಕ್ಕಿಂತ ಒಂದೇ ಮೆಟ್ಟಿಲು ಕಡಿಮೆ ಎಂದು ಹೇಳಿ ಮಾರುವವರಿದ್ದಾರೆ. ಕೋಟಿಂಗ್ ಹಚ್ಚಿದ ಕಾರಿನ ಮೇಲೆ ಕೊಳೆ ಸುಲಭವಾಗಿ ಇಳಿಯುತ್ತದೆ, ನೀರು ಹನಿಹನಿಯಾಗಿ ಜಾರುತ್ತದೆ, ಹೊಳಪು ಹೆಚ್ಚು ಕಾಲ ನಿಲ್ಲುತ್ತದೆ. ಹಾರಿ ಬಂದ ಕಲ್ಲಿಗೆ, ಕೆಟ್ಟದಾಗಿ ತೊಳೆದ ಗೀರಿಗೆ, ಗಡಸು ನೀರು ಒಣಗಿ ಬೀಳುವ ಬಿಳಿ ಕಲೆಗೆ ಅದು ತಡೆಯಾಗುವುದಿಲ್ಲ. ಕಲ್ಲಿನಿಂದ ಕಾಯಬೇಕಾದರೆ ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಫಿಲ್ಮ್ ಬೇಕು. ಇಷ್ಟನ್ನು ಹಣ ಪಡೆಯುವ ಮುನ್ನ ಹೇಳಿದರೆ ಕೆಲವು ಗಿರಾಕಿಗಳು ಹೋಗುತ್ತಾರೆ. ಹೋಗಲಿ.

ಕಲಿಕೆ, ಸಮಯ, ಕಾಗದ

ಬೇರೆಯವರ ಕಾರು ಹಿಡಿಯುವ ಮೊದಲು ಗುಜರಿಯಿಂದ ಹಳೆಯ ಬಾನೆಟ್ ಒಂದನ್ನು ತಂದು, ಅದರ ಅರ್ಧವನ್ನು ಬೇಕೆಂದೇ ಕ್ಲಿಯರ್ ಕೋಟ್ ದಾಟುವ ತನಕ ಉಜ್ಜಿ ನೋಡಿ. ಎಷ್ಟು ಸುತ್ತು ಉಜ್ಜಿದಾಗ ಎಷ್ಟು ಮೈಕ್ರಾನ್ ಹೋಯಿತು, ದಾಟುವ ಮುನ್ನ ಬಣ್ಣ ಹೇಗೆ ಕಂಡಿತು, ಕೈಗೆ ಎಷ್ಟು ಬಿಸಿ ತಾಗಿತು ಎಂಬುದನ್ನು ಬರೆದಿಡಿ. ಈ ಪಾಠವನ್ನು ಯಾವ ತರಗತಿಯೂ ಇಷ್ಟು ಸ್ಪಷ್ಟವಾಗಿ ಕಲಿಸಲಾರದು. ಆಮೇಲೆ ಬಂಧುಗಳ, ಗೆಳೆಯರ ಬೇರೆಬೇರೆ ಬಣ್ಣದ, ಬೇರೆಬೇರೆ ವಯಸ್ಸಿನ ಕಾರುಗಳನ್ನು ಮಾಡಿ, ಪ್ರತಿ ಹಂತಕ್ಕೂ ಹಿಡಿದ ಹೊತ್ತನ್ನು ಗುರುತು ಹಾಕಿಕೊಳ್ಳಿ. ಒಂದೇ ಹಂತದ ಪಾಲಿಶ್ ಕೆಲಸಕ್ಕೆ ಒಂದು ಪೂರ್ತಿ ದಿನ, ಹಲವು ಹಂತದ್ದಕ್ಕೆ ಎರಡು ಮೂರು ದಿನ ಹಿಡಿಯುವುದು ಸಾಮಾನ್ಯ. ತನಗೆ ಎಷ್ಟು ಹಿಡಿಯುತ್ತದೆ ಎಂದು ಬರೆದ ಲೆಕ್ಕದಿಂದ ಹೇಳಲಾಗದವನು ದರವನ್ನೂ ಹೇಳಲಾರ, ಕಾರು ಕೊಡುವ ದಿನವನ್ನೂ ಹೇಳಲಾರ.

ಪ್ರಮಾಣಪತ್ರ ಬೇಕೆ ಎಂದು ಕೇಳುವವರಿದ್ದಾರೆ. ಇಂಟರ್‌ನ್ಯಾಷನಲ್ ಡಿಟೇಲಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆ ಪರೀಕ್ಷೆಗಳ ಮೂಲಕ ಒಂದು ಮಟ್ಟದ, ಕೈಕೆಲಸ ತೋರಿಸಿ ಪಡೆಯುವ ಮತ್ತೊಂದು ಮಟ್ಟದ ಮಾನ್ಯತೆ ಕೊಡುತ್ತದೆ. ಸಿದ್ಧತೆಯ ನೆಪದಲ್ಲಿ ಓದುವಂತಾಗುವುದು ಅದರ ದೊಡ್ಡ ಲಾಭ. ಅದಕ್ಕಿಂತ ತುರ್ತಾಗಿ ಬೇಕಾದದ್ದು ವಿಮೆ. ಸಾಮಾನ್ಯ ಹೊಣೆಗಾರಿಕೆಯ ವಿಮೆಯಲ್ಲಿ ನಿಮ್ಮ ವಶದಲ್ಲಿರುವ ಬೇರೆಯವರ ವಾಹನಕ್ಕೆ ಆಗುವ ಹಾನಿ ಸೇರದೆ ಇರುವುದುಂಟು. ಪಾಲಿಸಿಯ ಆ ಸಾಲನ್ನು ಓದಿ, ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ತೊಳೆದ ನೀರು ಎಲ್ಲಿಗೆ ಹರಿಯಬೇಕು ಎಂಬುದಕ್ಕೂ ಅನೇಕ ಕಡೆ ಕಾನೂನಿದೆ, ಮಳೆನೀರಿನ ಚರಂಡಿಗೆ ಅದನ್ನು ಬಿಡುವಂತಿಲ್ಲ.

ಕಾರು ಬಂದ ಕೂಡಲೇ ಅದನ್ನು ಮಾಲೀಕರ ಜೊತೆ ಸುತ್ತಿ ನೋಡಿ, ಇರುವ ಗೀರು, ತಗ್ಗು, ಕಲ್ಲೇಟು, ಒಡೆದ ಪ್ಲಾಸ್ಟಿಕ್, ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿರುವ ಎಚ್ಚರಿಕೆಯ ದೀಪ ಎಲ್ಲವನ್ನೂ ಫೋಟೊ ಸಹಿತ ದಾಖಲಿಸಿ ಸಹಿ ಪಡೆಯಬೇಕು. ಫೋನಿನಲ್ಲಿ ದರ ಹೇಳಬಾರದು. ತೊಳೆದು, ಬೆಳಕಿನ ಕೆಳಗೆ ನಿಲ್ಲಿಸಿ, ಅಳೆದ ಮೇಲೆ ಹೇಳಬೇಕು. ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನು ಆಗಲೇ ಬೆರಳಿಟ್ಟು ತೋರಿಸಬೇಕು. ಕೆಲಸ ಮುಗಿದ ಮೇಲೆ ತೋರಿಸಿದರೆ ಅದೇ ಮಾತು ನೆಪದಂತೆ ಕೇಳುತ್ತದೆ.

ಕಾರು ಒಪ್ಪಿಸುವ ದಿನ, ದರ ಹೇಳುವ ಮುನ್ನ ಗೀರು ನೋಡಲು ಬಳಸಿದ ದೀಪವನ್ನೇ ಮತ್ತೆ ಹಚ್ಚಿ, ಉಳಿಸಿದ ಗೀರುಗಳ ಮುಂದೆಯೇ ಮೊದಲು ನಿಲ್ಲಿ. ಕೆಲಸಕ್ಕೆ ಮುಂಚಿನ, ನಂತರದ ಅಳತೆಗಳು, ಬಳಸಿದ ಪ್ಯಾಡ್ ಮತ್ತು ಪಾಲಿಶ್, ಹಚ್ಚಿದ ಕೋಟಿಂಗ್, ಮೊದಲ ಸಲ ತೊಳೆಯಲು ಎಷ್ಟು ದಿನ ಕಾಯಬೇಕು ಎಂಬ ಸೂಚನೆ ಇವಿಷ್ಟು ಇರುವ ಒಂದು ಹಾಳೆಯನ್ನು ಕೀಲಿಯ ಜೊತೆ ಕೊಟ್ಟು, ಅದರ ಒಂದು ಪ್ರತಿಯನ್ನು ನಿಮ್ಮ ಕಡತದಲ್ಲಿಡಿ. ಎರಡು ವರ್ಷ ಕಳೆದು ಅದೇ ಕಾರು ಮತ್ತೆ ಬಂದಾಗ, ನಿಮ್ಮ ಹತ್ತಿರವೇ ಬರಲಿ, ಬೇರೆ ಯಾರ ಹತ್ತಿರವೇ ಹೋಗಲಿ, ಯಂತ್ರ ಎತ್ತಿಕೊಳ್ಳುವವನು ಬಾನೆಟ್ಟಿನ ಮೇಲೆ ಇನ್ನೆಷ್ಟು ಉಳಿದಿದೆ ಎಂದು ಮೊದಲು ನೋಡುವುದು ಆ ಹಾಳೆಯಲ್ಲಿ.